ಮಹಿಳಾ ಟೆನಿಸ್‌ಗೂ ಧಾರವಾಡದ ಅಂಗಳ ಸಿಗಲಿ

2025ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ, ಮಹಿಳಾ ತಂಡಗಳ ಟೆನಿಸ್ ಟೂರ್ನಿಯಾದ ಬಿಲ್ಲಿ ಜೀನ್ ಕಿಂಗ್ ಕಪ್ ಪ್ಲೇ ಆಫ್‌ನಲ್ಲಿ ಸ್ಲೊವೇನಿಯಾ, ನೆದರ್ಲೆಂಡ್ಸ್ ಎದುರು ಭಾರತದ ಮಹಿಳೆಯರು ಮುಗ್ಗರಿಸಿದರು. ಆಟಗಾರ್ತಿಯರನ್ನು ದೂರುವ ಮುನ್ನ ಅವರ ವರ್ಷವಿಡೀ ಅಲೆದಾಟವನ್ನು ನೋಡಬೇಕು. ಗಳಿಸಿದ ರ‍್ಯಾಂಕಿಂಗ್ ಅಂಕ 52 ವಾರಗಳಲ್ಲಿ ಅಳಿಸಿಹೋಗುತ್ತದೆ; ಹಾಗಾಗಿ ಮತ್ತೆ ಮತ್ತೆ ಆಡಲೇಬೇಕು. ಮಹಿಳೆಯರ ಕೆಳಹಂತದ ಅಂತರರಾಷ್ಟ್ರೀಯ ಟೂರ್ನಿಯಾದ ಡಬ್ಲ್ಯು 15 ಅನ್ನು ಗೆದ್ದರೂ ದಕ್ಕುವುದು 15 ಅಂಕ ಮಾತ್ರ. ಅದಕ್ಕಾಗಿ ಹೊರದೇಶಕ್ಕೆ ಹೋಗಿ ಮೊದಲ ಸುತ್ತಿನಲ್ಲೇ ಸೋತರೆ ವಿಮಾನದ ಟಿಕೆಟ್, ಹೋಟೆಲ್ ಬಾಡಿಗೆ, ಕೋಚ್ ಶುಲ್ಕ, ರ‍್ಯಾಕೆಟ್‌ಗೆ ತಂತಿ ಬಿಗಿಸಿದ ಖರ್ಚು ಎಲ್ಲವೂ ಮನೆಯವರ ತಲೆಯ ಮೇಲೆ. ಪ್ರತಿಭೆ ಇದ್ದೂ ಕೈ ಖಾಲಿಯಾಗಿ ಆಟ ಬಿಡುವ ಹುಡುಗಿಯರ ಲೆಕ್ಕ ಯಾರೂ ಇಟ್ಟಿಲ್ಲ.

ತವರಿನಲ್ಲೇ ಟೂರ್ನಿಗಳು ಹೆಚ್ಚಿದರೆ ಈ ಹೊರೆ ಇಳಿಯುತ್ತದೆ. 2023ರ ಅಕ್ಟೋಬರ್‌ನಲ್ಲಿ ಧಾರವಾಡ ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಅಂಗಳದಲ್ಲಿ ಪುರುಷರ 25 ಸಾವಿರ ಡಾಲರ್ ಬಹುಮಾನದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ಟೂರ್ನಿ ನಡೆಯಿತು; ಅದರ ಬೆನ್ನಲ್ಲೇ ಕಲಬುರಗಿಯೂ ಅಂಥದೇ ಟೂರ್ನಿ ನಡೆಸಿತು. ಅಂಗಳವಿದೆ, ಅನುಭವವಿದೆ. ರಾಜ್ಯ ಸರ್ಕಾರ ಮತ್ತು ರಾಜ್ಯ ಟೆನಿಸ್ ಸಂಸ್ಥೆ ಈ ಎರಡೂ ಊರುಗಳಲ್ಲಿ ಒಂದರ ಹಿಂದೊಂದು ವಾರ ಮಹಿಳಾ ಟೂರ್ನಿಗಳನ್ನು ಪ್ರತಿವರ್ಷ ನಡೆಸಬೇಕು. ಅದಕ್ಕೆ ಬಜೆಟ್‌ನಲ್ಲೇ ಹಣ ತೆಗೆದಿಡಬೇಕು. ಹುಬ್ಬಳ್ಳಿಯ ಉದ್ಯಮಿಗಳೂ ಪ್ರಾಯೋಜಕತ್ವಕ್ಕೆ ಮುಂದಾಗಲಿ.