ಪ್ರೀತಿ ಆಟದ ಮೇಲೋ, ಆಟ ಮಾಡಿದವರ ಮೇಲೋ?

ದುರ್ಗದಬೈಲ್‌ನಿಂದ ತಂದ ಹಾವು-ಏಣಿ, ಕೇರಂ ಆಡಿ ಬೆಳೆದವರು ನಾವು. ಅವನ್ನ ಮಾಡಿದವರು ಯಾರು ಅಂತ ಯಾವತ್ತಾದ್ರೂ ಕೇಳಿದ್ವಾ?

'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಭಿಮಾನಿಗಳು ಹಾಗಲ್ಲ, ಪುಸ್ತಕ ಬರೆದವರ ಹೆಸರೂ ಅವರಿಗೆ ಗೊತ್ತು. ಅದೇ ಆಟ ಆಧರಿಸಿದ 'ಬಾಲ್ಡರ್ಸ್ ಗೇಟ್ 3' 2023ರ ಡಿಸೆಂಬರ್‌ನಲ್ಲಿ ವರ್ಷದ ಆಟ ಅನ್ನಿಸಿಕೊಂಡ ನಾಲ್ಕೇ ದಿನಕ್ಕೆ, ಒಡೆಯ ಹ್ಯಾಸ್ಬ್ರೋ 1,100 ಜನರನ್ನ ತೆಗೀತೀವಿ ಅಂತು. ಆ ವರ್ಷ ಅದಕ್ಕೂ ಮೊದಲೇ 800 ಜನ ಹೋಗಿದ್ರು. ಅಭಿಮಾನಿಗಳು ಸಿಡಿದೆದ್ದರು. 'ಇನ್ನು ಏನೂ ಕೊಳ್ಳಲ್ಲ' ಅಂದರು ಕೆಲವರು.

ಸಿಟ್ಟು ನ್ಯಾಯವೇ. ಅದೇ ವರ್ಷ ಜನವರಿಯಲ್ಲಿ ಲೈಸೆನ್ಸ್ ಬದಲಾವಣೆ ವಿರುದ್ಧ ಚಂದಾ ರದ್ದು ಮಾಡಿ ಕಂಪನಿಯನ್ನ ಮಣಿಸಿದ್ದೂ ಇವರೇ. ಆದ್ರೆ ಲೈಸೆನ್ಸ್ ವಾಪಸ್ ತಗೋಬಹುದು, ಹೋದ ಕೆಲಸ ಹಾಗೆ ಬರುತ್ತಾ? ಮಾರಾಟ ಬಿದ್ರೆ ಮುಂದಿನ ಪಟ್ಟಿಯಲ್ಲಿ ಉಳಿದವರ ಹೆಸರು....

ನಮ್ಮ ಎಚ್ಎಂಟಿ ನೋಡಿ. 2014ರಲ್ಲಿ ಮುಚ್ಚೋ ಸುದ್ದಿ ಬಂದಾಗ ಜನ ವಾಚಿಗೆ ಮುಗಿಬಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಮುಚ್ಚೋಕೆ ಒಪ್ಪಿತು. ನಮ್ಮ ಕೈಗೆ ವಾಚು ಬಂತು, ಜೋಡಿಸಿದ ಕೈಗಳು ಸ್ವಯಂ ನಿವೃತ್ತಿ ತಗೊಂಡು ಮನೆಗೆ ಹೋದವು.

ನಾನೂ ಸಾಫ್ಟ್‌ವೇರ್ ಕೂಲಿನೇ, ಪಿಂಕ್ ಸ್ಲಿಪ್ ಭಯ ಗೊತ್ತು. ಬಹಿಷ್ಕಾರಕ್ಕಿಂತ, ಕೆಲಸ ಹೋದವರ ಹೆಸರು ನೆನಪಿಟ್ಟು ಅವರು ಮುಂದೆ ಮಾಡೋ ಆಟ ಕೊಳ್ಳೋದು ಮೇಲು ಅನ್ಸುತ್ತೆ. ನೀವೇನಂತೀರಿ?