ನಾಲ್ಕು ಮೀಟರಿನ ನ್ಯಾಯ

2010ರ ಏಪ್ರಿಲ್ 1ರಂದು ದೇಶದ 13 ನಗರಗಳಲ್ಲಿ ಭಾರತ್ ಸ್ಟೇಜ್ 4 ಎಂಬ ಹೊಗೆಯ ನಿಯಮ ಜಾರಿಗೆ ಬಂದಾಗ, ಆ ಪಟ್ಟಿಯಲ್ಲಿ ಸೇರಿದ್ದ ಬೆಂಗಳೂರಿನಲ್ಲಿ ಮಾರುತಿ 800 ಕಾರಿನ ಮಾರಾಟ ನಿಂತುಹೋಯಿತು. ಪಟ್ಟಿಯಿಂದ ಹೊರಗುಳಿದ ನಮ್ಮ ಮೈಸೂರಿನಲ್ಲಾದರೋ ಅದೇ ಕಾರನ್ನು ಕೊಂಡು, ಮಾಲೆ ಹಾಕಿಸಿ, ಚಕ್ರಗಳಡಿ ನಿಂಬೆಹಣ್ಣಿಟ್ಟು ಮನೆಗೆ ತರುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಮೂರು ಗಂಟೆಯ ಹಾದಿಯ ಆ ತುದಿಯಲ್ಲಿ ಗತಿಸಿದ ವಸ್ತು ಈ ತುದಿಯಲ್ಲಿ ಜೀವಂತ! 1983ರ ಡಿಸೆಂಬರಿನಲ್ಲಿ ಜನರ ಕೈಸೇರತೊಡಗಿದ ಆ ಕಾರಿನ ತಯಾರಿಕೆಯೇ ಮುಗಿದದ್ದು 2014ರ ಜನವರಿಯಲ್ಲಿ. ಒಂದು ವಾಹನವು ಒಂದು ಪೇಟೆಯಲ್ಲಿ ಅಳಿದು ಮತ್ತೊಂದರಲ್ಲಿ ಉಳಿಯುವುದು ಅದರ ಯಂತ್ರದ ಗುಣದೋಷಗಳಿಂದಲೇ ಎಂದು ನಾವು ಭಾವಿಸುವುದುಂಟು. ಅದನ್ನು ಬಹುಮಟ್ಟಿಗೆ ನಿರ್ಣಯಿಸುವವು ಆಯಾ ಪೇಟೆಯ ಕಾನೂನು ಮತ್ತು ತೆರಿಗೆಗಳು.

‘ಈಗ ಚಿಕ್ಕ ಕಾರು ಯಾರಿಗೆ ಬೇಕು ಸ್ವಾಮಿ?’ ಎಂದು ಮೈಸೂರಿನ ಗೋಕುಲಂ ಬಡಾವಣೆಯ ಎಳನೀರು ಗಾಡಿಯ ಬಳಿ ನಿಂತವರು ಕೇಳುತ್ತಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಬೇಡಿಕೆ ತಾನಾಗಿ ಬತ್ತಿದ್ದಲ್ಲ. ಬ್ರೇಕು ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ 2019ರಲ್ಲಿ ಕಡ್ಡಾಯವಾಯಿತು. 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ಬಂದಿತು. 2021ರಲ್ಲಿ ಚಾಲಕನ ಪಕ್ಕದವರಿಗೂ ಏರ್‌ಬ್ಯಾಗು ಅನಿವಾರ್ಯವಾಯಿತು. 2023ರಲ್ಲಿ ರಸ್ತೆಯ ಮೇಲೆ ಓಡುವಾಗಿನ ಹೊಗೆಗೂ ಕಟ್ಟಳೆಯಾಯಿತು. ಇವುಗಳ ಖರ್ಚು ಪುರೋಹಿತರ ದಕ್ಷಿಣೆಯಂತೆ. ನೂರು ಎಲೆಯ ಮದುವೆಗೂ ಸಾವಿರ ಎಲೆಯ ಮದುವೆಗೂ ಹೆಚ್ಚುಕಡಮೆ ಒಂದೇ. ಇಪ್ಪತ್ತು ಲಕ್ಷದ ವಾಹನದ ಬೆಲೆಯಲ್ಲಿ ಅದು ಕಣ್ಣಿಗೆ ಬೀಳದೆ ಕರಗಿಹೋದರೆ, ಮೂರು ನಾಲ್ಕು ಲಕ್ಷದ ಕಾರಿನ ಮೇಲೆ ಕುಳಿತಾಗ, ಸ್ಕೂಟರಿನಿಂದ ಕಾರಿಗೆ ಏರಬೇಕೆಂದು ವರ್ಷಗಟ್ಟಲೆ ಕೂಡಿಟ್ಟವನನ್ನು ಷೋರೂಮಿನ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತದೆ. ತಯಾರಕನಿಗೂ ಚಿಕ್ಕ ಕಾರೊಂದರಲ್ಲಿ ದಕ್ಕುವ ಲಾಭ ಅತ್ಯಲ್ಪ. ಆ ಅಲ್ಪವನ್ನು ಸಂಖ್ಯಾಬಲದಿಂದ ತುಂಬಿಕೊಳ್ಳಬೇಕಾದವನು, ಸಂಖ್ಯೆಯೇ ಕುಗ್ಗಿದ ಮೇಲೆ, ಹೊಸ ನಿಯಮಕ್ಕಾಗಿ ಹಣ ಹೂಡುವುದಕ್ಕಿಂತ ಮಾದರಿಯನ್ನು ಕೈಬಿಡುವುದೇ ಲೇಸೆಂದು ಬಗೆಯುತ್ತಾನೆ. ಸ್ಯಾಂಟ್ರೊ 2022ರಲ್ಲಿಯೂ ಆಲ್ಟೊ 800 2023ರಲ್ಲಿಯೂ ಹೀಗೆಯೇ ನಿರ್ಗಮಿಸಿದವು.

ಹಾಗೆಂದು ಸುರಕ್ಷತೆಯ ನಿಯಮಗಳನ್ನು ಹಳಿಯುವವರ ಪಂಕ್ತಿಯಲ್ಲಿ ನಾನು ಕೂರಲಾರೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಡಿಕ್ಕಿಯ ಪರೀಕ್ಷೆ ನಡೆಸಿದಾಗ ಏರ್‌ಬ್ಯಾಗಿಲ್ಲದ ಆಲ್ಟೊ 800 ಮತ್ತು ನ್ಯಾನೊಗಳಿಗೆ ಒಂದು ನಕ್ಷತ್ರವೂ ದೊರೆಯಲಿಲ್ಲ. ಅಂಥ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿ ಹತ್ತುವವನ ಧೈರ್ಯವನ್ನು ಮಿತವ್ಯಯವೆಂದು ಹೊಗಳುವುದು ಕ್ರೌರ್ಯ. ಆದರೆ ಸುರಕ್ಷಿತವಾಗಿದ್ದ ಚಿಕ್ಕ ಕಾರುಗಳಾದರೂ ಉಳಿದವೆ? ನಮಗೂ ಬೆಂಗಳೂರಿಗೂ ನಡುವೆಯೇ ಇರುವ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯವರು 2011ರಿಂದ ತಯಾರಿಸುತ್ತಿದ್ದ ಎಟಿಯಾಸ್ ಲಿವಾಗೆ 2016ರ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಬಂದಿತ್ತು. 2020ರ ಹೊಗೆಯ ನಿಯಮದೊಡನೆ ಅದೂ ಹೋಯಿತು. ಬ್ರೆಜಿಲಿನ ಸೊರೊಕಾಬಾದಲ್ಲಿ ಅದರ ಸಹೋದರ ಆಮೇಲೂ ಕೆಲಕಾಲ ತಯಾರಾಗುತ್ತಲೇ ಇತ್ತು. ಇಂದು ಬಿಡದಿಯಿಂದ ಹೊರಡುವವು ಹೈರೈಡರ್, ಇನ್ನೋವಾ ಹೈಕ್ರಾಸ್‌ನಂಥ ಭಾರಿ ಗಾಡಿಗಳು. ಟೊಯೊಟಾದ ಲಾಂಛನವಿರುವ ಹ್ಯಾಚ್‌ಬ್ಯಾಕೇ ಬೇಕೆನ್ನುವವರಿಗೆ ಗ್ಲಾಂಜಾ ಇದೆಯಷ್ಟೆ, ಅದು ಅಂಗಿ ಬದಲಿಸಿದ ಮಾರುತಿ ಬಲೆನೊ.

ಇನ್ನೂ ಸ್ಪಷ್ಟವಾದ ನಿದರ್ಶನ ಹೋಂಡಾ ಬ್ರಿಯೊ. ಇಲ್ಲಿ 2019ರಲ್ಲಿ ಅದು ನಿಂತಿತು. ಇಂಡೊನೇಷ್ಯದಲ್ಲಿ 2018ರಲ್ಲಿಯೇ ಅದರ ಎರಡನೆಯ ತಲೆಮಾರು ಬಂದು, ಅತಿ ಹೆಚ್ಚು ಮಾರಾಟವಾಗುವ ಕಾರುಗಳ ಸಾಲಿನಲ್ಲಿ ಕುಳಿತಿತು. ಮೊದಲಿನ ಬ್ರಿಯೊ ಅಲ್ಲಿ ಬೇರೂರಿದ ವೇಳೆಗೆ, 2013ರಲ್ಲಿ, ಅಗ್ಗದ, ಮಿತ ಇಂಧನದ ಕಾರುಗಳಿಗೆ ವಿಲಾಸ ತೆರಿಗೆಯ ವಿನಾಯಿತಿ ಕೊಟ್ಟಿದ್ದ ಆ ದೇಶದ ನೀತಿಯ ಫಲವದು. ನಮ್ಮ ಬೆಂಗಳೂರಿನಲ್ಲಿ 2001ರಲ್ಲಿ ಹುಟ್ಟಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಲಂಡನ್ನಿನವರು ನಮಗಿಂತ ಆದರಿಸಿದ್ದಕ್ಕೂ, ನಗರದ ನಡುಭಾಗಕ್ಕೆ ಬರುವ ವಾಹನಗಳ ಮೇಲಿನ ದಟ್ಟಣೆಯ ಸುಂಕವನ್ನು ಅಲ್ಲಿ ಅದು ಕೊಡಬೇಕಾಗಿರಲಿಲ್ಲವೆಂಬುದು ಒಂದು ಮುಖ್ಯ ಕಾರಣ.

ನಮ್ಮ ತೆರಿಗೆ ಹಿಡಿದ ಅಳತೆಗೋಲು ಬೇರೆ. 2006ರ ಆಯವ್ಯಯದಲ್ಲಿ, ಉದ್ದ ನಾಲ್ಕು ಮೀಟರನ್ನೂ, ಎಂಜಿನ್ನು ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿಯನ್ನೂ ಮೀರದ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಲಾಯಿತು. ಉದ್ದೇಶ ಚಿಕ್ಕ ಕಾರಿಗೆ ನೆರವಾಗುವುದೇ ಆಗಿದ್ದಿತು. ಆದರೆ ಉದ್ದವನ್ನಳೆದ ಕಾನೂನು ಎತ್ತರವನ್ನೂ ಅಗಲವನ್ನೂ ತೂಕವನ್ನೂ ಅಳೆಯಲು ಮರೆತುದರಿಂದ, ಚತುರರಾದ ತಯಾರಕರು ಎತ್ತರದ ಎಸ್‌ಯುವಿಗಳನ್ನೇ ನಾಲ್ಕು ಮೀಟರಿನೊಳಗೆ ತುರುಕಿದರು. ಮಾರುತಿ 800ರ ಅಗಲ 1440 ಮಿಲಿಮೀಟರು. 2016ರಲ್ಲಿ ಬಂದ ಬ್ರೆಝಾದ ಅಗಲ 1790, ಉದ್ದ 3995. ಆ ಐದು ಮಿಲಿಮೀಟರಿನ ಸಂಯಮಕ್ಕೆ ರಿಯಾಯಿತಿಯ ಪಾರಿತೋಷಕ!

ಅಗಲದಲ್ಲಿ ಹೆಚ್ಚಿದ ಈ 35 ಸೆಂಟಿಮೀಟರುಗಳು ಎಲ್ಲಿ ತಗಲುತ್ತವೆಂಬುದನ್ನು ನೋಡಬೇಕಾದರೆ ಗೋಕುಲಂ ಮೂರನೆಯ ಹಂತದ ಅಡ್ಡರಸ್ತೆಗಳಿಗೆ ಬರಬೇಕು. ಹಳೆಯ ಮನೆಗಳ ಪೋರ್ಟಿಕೋಗಳು ಸ್ಕೂಟರಿಗಾಗಿಯೋ, ಹೆಚ್ಚೆಂದರೆ ಒಂದು ಪುಟ್ಟ ಕಾರಿಗಾಗಿಯೋ ಕಟ್ಟಿದವು. ನಿವೃತ್ತರೊಬ್ಬರು ತಮ್ಮ ಆಲ್ಟೊವನ್ನು ಗೇಟಿನ ಕಂಬಕ್ಕೂ ಸಂಪಿಗೆ ಮರಕ್ಕೂ ನಡುವೆ, ಎರಡೂ ಕನ್ನಡಿಗಳನ್ನು ಮಡಚಿ, ಹಿಂದುಹಿಂದಕ್ಕೆ ಒಳಸೇರಿಸುತ್ತಿದ್ದರು. ಹೊಸದನ್ನೇಕೆ ಕೊಳ್ಳಬಾರದೆಂದು ಕೇಳಿದೆ. ‘ಹೊಸ್ದು ತಗೊಂಡ್ರೆ ಗೇಟ್ ಒಡೆಸ್ಬೇಕು ಸಾರ್, ಗೇಟ್ ಒಡೆಸಿದ್ರೆ ಮರ ಹೋಗುತ್ತೆ, ಮರ ಹೋದ್ರೆ ನಮ್ಮನೆಯವ್ರು ನನ್ನ ಬಿಡ್ತಾರಾ?’ ಎಂದರು. ಎದುರುಮನೆಯವರ ಗಾಡಿ ಒಳಗೆ ಹಿಡಿಸದೆ ಬೀದಿಯಲ್ಲಿಯೇ ನಿಲ್ಲುತ್ತದೆ. ಯೋಗಾಭ್ಯಾಸಕ್ಕೆ ಬಂದ ಪರದೇಶದವರ ಬಾಡಿಗೆ ಸ್ಕೂಟರುಗಳು ಅದನ್ನು ಬಳಸಿಕೊಂಡು ಹೋಗುತ್ತವೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಿದಾಗಲೂ ಗೆರೆ ಎಳೆದದ್ದು ಅದೇ ನಾಲ್ಕು ಮೀಟರಿಗೆ. ಆಲ್ಟೊ ಕೆ10ಗೂ ಎತ್ತರದ ಕಿರು ಎಸ್‌ಯುವಿಗೂ ಒಂದೇ ದರವಾದ ಮೇಲೆ ಚಿಕ್ಕದನ್ನು ಆಯುವವನಿಗೆ ವಿಶೇಷವಾಗಿ ದೊರೆತದ್ದೇನು? ಜಪಾನಿನವರು ತಮ್ಮ ಕೇಯ್ ಕಾರುಗಳಿಗೆ 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 660 ಸಿಸಿ ಎಂಬ ಮಿತಿಯನ್ನು ವಿಧಿಸಿ, ಅದರೊಳಗಿದ್ದವಕ್ಕೆ ತೆರಿಗೆ ತಗ್ಗಿಸಿ, ದೊಡ್ಡ ಕಾರು ಕೊಳ್ಳುವವನಿಂದ ನಿಲುಗಡೆಯ ಜಾಗವಿದೆಯೆಂಬ ಪ್ರಮಾಣಪತ್ರವನ್ನು ಕೇಳುತ್ತಾರೆ. ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆಯನ್ನು ಬೆಲೆಯ ಮೇಲೆ ವಿಧಿಸುವ ವಾಡಿಕೆಯಿದೆ. ಅದರೊಡನೆ ಅಗಲವನ್ನೂ ತೂಕವನ್ನೂ ಲೆಕ್ಕಕ್ಕೆ ಹಿಡಿಯುವುದಕ್ಕೆ ದಿಲ್ಲಿಯ ಅಪ್ಪಣೆಗಾಗಿ ಕಾಯಬೇಕಾದುದಿಲ್ಲ, ಮುಂದಿನ ಆಯವ್ಯಯದಲ್ಲಿಯೇ ಆರಂಭಿಸಬಹುದು.