ಬರ ಬಂದ ಮ್ಯಾಲೆ ಅರ್ಜಿ ಬರೆದರೆ ಏನು ಬಂತು?

ನಮ್ಮ ಗೂಗಲ್ ಸೀಮೆಯ ಖುಷ್ಕಿ ರೈತನ ಪಾಡು ಹೊರಗಿನವರಿಗೆ ತಿಳಿಯೋದಿಲ್ಲ. ಅಲ್ಲಮಪ್ರಭುವಿನ ಗುಡಿಗೆ ಬಂದವರು ಕೃಷ್ಣಾ ಹೊಳಿ ನೋಡಿ "ನಿಮಗೇನ್ ಬಿಡ್ರಿ, ಹೊಳಿ ದಂಡ್ಯಾಗ ಅದೀರಿ" ಅಂತಾರೆ. ಹೊಳಿಗೆ ಪಂಪು ಇಟ್ಟವರಿಗೆ, ಕಾಲುವೆ ಮುಟ್ಟಿದವರಿಗೆ ಆ ಮಾತು ಸರಿ. ದಿನ್ನಿ ಮೇಲಿನ ಹೊಲದವನಿಗೆ ಮಳೆ ಒಂದೇ ಗತಿ. ಆ ಮಳೆ ಈಗ ನಂಬೋ ಹಂಗ ಉಳಿದಿಲ್ಲ.

2019ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಘಟ್ಟದಾಗ ಸುರಿದ ಮಳೆ ನಾರಾಯಣಪುರದಿಂದ ಹರಿದು ಬಂದು ಹೂವಿನಹೆಡಗಿ ಸೇತುವೆ ಮುಳುಗಿಸಿತು. ನಾಲ್ಕು ವರ್ಷ ಕಳೆದು 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಸಾರಿದರು. ಹೊಳಿ ತುಂಬಿದರೂ ನಮಗೆ ಲುಕ್ಸಾನು, ಬತ್ತಿದರೂ ಲುಕ್ಸಾನು.

ಆ ಬರದಾಗ ಆದದ್ದನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. 2023ರ ಸೆಪ್ಟೆಂಬರಿನಲ್ಲಿ ಬರ ಘೋಷಣೆ ಶುರುವಾಯಿತು. ರಾಜ್ಯ ಸರಕಾರ ಕೇಂದ್ರಕ್ಕೆ 18,171 ಕೋಟಿ ರೂಪಾಯಿ ಕೇಳಿತು. ದುಡ್ಡು ಬರಲಿಲ್ಲ ಅಂತ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಅಷ್ಟೊತ್ತಿಗೆ ಹಿಂಗಾರಿ ಮುಗಿದು, ಮುಂದಿನ ರೋಹಿಣಿ ಮಳೆ ಬಾಗಿಲಿಗೆ ಬಂದಿತ್ತು. ಪರಿಹಾರ ಬೇಡ ಅಂತ ನಾನು ಹೇಳೋದಿಲ್ಲ. ಅದು ನಮ್ಮ ಹಕ್ಕು. ಆದರೆ ಬರೀ ಅದನ್ನೇ ನಂಬಿ ಕುಂತರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂಗ ಆಗ್ತೈತಿ.

ಹವಾಮಾನ ಕೆಟ್ಟದ್ದು ನಮ್ಮಿಂದಲ್ಲ ಅನ್ನೋ ಮಾತೂ ಐತಿ, ಖರೇನೂ ಐತಿ. ಶಕ್ತಿನಗರದ 1,720 ಮೆಗಾವಾಟಿನ ಸ್ಥಾವರ, ಯರಮರಸ್‌ನ 1,600 ಮೆಗಾವಾಟಿನ ಸ್ಥಾವರ ಎರಡೂ ನಮ್ಮ ಜಿಲ್ಲೆಯಾಗ ಕಲ್ಲಿದ್ದಲು ಸುಡ್ತಾವ. ದೀಪ ಉರಿಯೋದು ಊರೂರಿಗೆ, ಬೂದಿ ಹಾರೋದು ನಮ್ಮ ಕಡಿ. ಬೆಂಗಳೂರು 2023ರ ನವೆಂಬರಿನಲ್ಲೇ ತನಗೊಂದು ಹವಾಮಾನ ಕ್ರಿಯಾ ಯೋಜನೆ ಮಾಡಿಕೊಂಡಿತು. ಪಟ್ಟಣಕ್ಕೆ ಯೋಜನೆ ಬೇಕಾದರೆ ಮಳೆ ನಂಬಿದ ಹಳ್ಳಿಗೆ ಬ್ಯಾಡೇನು? ಆದರೆ ಅದನ್ನು ಬೆಂಗಳೂರಿನವರು ತಂದುಕೊಡೋದಿಲ್ಲ. ನಮ್ಮ ಗ್ರಾಮ ಪಂಚಾಯ್ತಿಯೇ ಮಾಡಬೇಕು, ನಾವೇ ಮಾಡಿಸಬೇಕು.

1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು. ವರ್ಷದ ಕೆಲಸದ ಪಟ್ಟಿಗೆ ಅಲ್ಲಿ ಒಪ್ಪಿಗೆ ಬೇಕು. ನಾವು ಮಾಡೋದೇನು? ಸಭೆಯ ದಿನ ಹೊಲಕ್ಕೆ ಹೋಗ್ತೀವಿ. ಸಂಜಿಗೆ ಹಾಜರಿ ಪುಸ್ತಕ ಕಟ್ಟೆಗೆ ಬಂದರೆ ಸಹಿ ಹಾಕಿ ಚಹಾ ಕುಡೀತೀವಿ. ಯಾವ ಊರು, ಯಾವ ಪಂಚಾಯ್ತಿ ಅಂತ ಹೇಳೋದಿಲ್ಲ. ಸಭೆಗೆ ಹೋಗದ ನನ್ನ ಸಹಿಯೂ ಅಂಥ ಪುಸ್ತಕದಾಗ ಐತಿ. ಪಟ್ಟಿ ನೋಡಿದರೆ ಸಿಸಿ ರಸ್ತೆ, ಚರಂಡಿ. ಕೇಳಿದ್ದಕ್ಕೆ ಒಬ್ಬರು ನಕ್ಕು ಅಂದರು: "ರಸ್ತೆ ಕಾಣ್ತೈತಿ ಮಾರಾಯಾ. ಹೊಲದಾಗಿನ ಒಡ್ಡು ಯಾರ ಕಣ್ಣಿಗೆ ಬೀಳ್ತೈತಿ?"

ಒಡ್ಡು ಕಾಣೋದಿಲ್ಲ, ಖರೆ. ಆದರೆ ಲೆಕ್ಕ ಹಾಕಿ ನೋಡ್ರಿ. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಈಗಿನ ಮಳೆ ಹದಿನೈದು ದಿನ ಕೈಕೊಟ್ಟು, ಬಂದರೆ ಒಂದೇ ತಾಸಿನಾಗ ಜಡಿದು ಹೋಗ್ತೈತಿ. ಎರೆಹೊಲ ಅಷ್ಟು ಬೇಗ ಕುಡಿಯೋದಿಲ್ಲ. ನೀರು ಮೇಲ್ಮಣ್ಣು ಎತ್ತಿಕೊಂಡು ಹಳ್ಳ ಸೇರಿ, ಹೊಳಿ ಕೂಡಿ, ನಮ್ಮ ಗೊಬ್ಬರದ ಮಣ್ಣು ತೆಲಂಗಾಣದ ಜುರಾಲಾ ಡ್ಯಾಮಿನಾಗ ಕೂಡ್ತೈತಿ. ಒಡ್ಡು ಇದ್ದರೆ ಆ ನೀರು ಅಲ್ಲೇ ನಿಂತು ಇಂಗ್ತೈತಿ. ತೊಗರಿ ಹೂ ಬಿಡೋ ಹೊತ್ತಿಗೆ ಮಳೆ ಹೋದರೂ ಬೇರಿಗೆ ಹಸಿ ಸಿಗ್ತೈತಿ.

ಇದನ್ನು ಒಬ್ಬನೇ ಮಾಡಿಕೊಂಡರೆ ಜಗಳ. ಮೇಲಿನವ ಕೋಡಿ ಬಿಡದೆ ಒಡ್ಡು ಹಾಕಿದರೆ ಒಂದು ದಿನ ಅದು ಒಡೆದು ಕೆಳಗಿನವನ ಹೊಲ ಕೊಚ್ಚಿ ಹೋಗ್ತೈತಿ. ಅದಕ್ಕೇ ದಿನ್ನಿಯಿಂದ ಹಳ್ಳದ ತನಕ ಎಲ್ಲಾ ಹೊಲಕ್ಕೂ ಕೂಡಿಸಿ ಯೋಜನೆ ಬೇಕು. ಅದು ಪಂಚಾಯ್ತಿ ಮಾಡೋ ಕೆಲಸ.

ಆಗದ ಮಾತಲ್ಲ ಇದು. ಮಹಾರಾಷ್ಟ್ರದ ಹಿವರೆ ಬಜಾರ್ ನಮಗಿಂತ ಕಮ್ಮಿ ಮಳೆಯ ಊರು. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಅಲ್ಲಿಯ ಗ್ರಾಮಸಭೆ ಒಡ್ಡು ಹಾಕಿಸಿತು, ಬೋರು ಕೊರೆಯೋದು ನಿಲ್ಲಿಸಿತು, ಕಬ್ಬು ಬೇಡ ಅಂತ ಠರಾವು ಮಾಡಿತು. ವರ್ಷಾ ನೀರಿನ ಲೆಕ್ಕ ನೋಡಿ ಬೆಳೆ ತೀರ್ಮಾನ ಮಾಡ್ತಾರೆ. ಕೇರಳದ ವಯನಾಡಿನ ಮೀನಂಗಾಡಿ ಪಂಚಾಯ್ತಿ 2016ರಲ್ಲಿ ಹವಾಮಾನದ ಕೆಲಸ ಕೈಗೆತ್ತಿಕೊಂಡು, ಮರ ಬೆಳೆಸಿದ ರೈತನಿಗೆ ಸಹಕಾರಿ ಬ್ಯಾಂಕಿನಿಂದ ಮರಕ್ಕೆ ವರ್ಷಕ್ಕೆ 50 ರೂಪಾಯಿ ಬಡ್ಡಿಯಿಲ್ಲದ ಸಾಲ ಕೊಡೋ ವ್ಯವಸ್ಥೆ ಮಾಡಿತು.

ದುಡ್ಡು ಎಲ್ಲಿಂದ ಅಂತ ಕೇಳ್ತೀರಿ. 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಹಳೆ ಉದ್ಯೋಗ ಖಾತರಿಯ ಬದಲಿಗೆ 125 ದಿನದ ಹೊಸ ಕಾಯ್ದೆ ಪಾಸು ಮಾಡಿತು. ಖರ್ಚಿನಾಗ 100ಕ್ಕೆ 40 ಪಾಲು ರಾಜ್ಯದ ಮೇಲೆ ಬಿತ್ತು ಅಂತ ತಕರಾರು ಐತಿ, ಅದು ಸಣ್ಣ ತಕರಾರಲ್ಲ. ಆದರೆ ನೀರಿನ ಭದ್ರತೆ, ಹವಾಮಾನದ ಹೊಡೆತ ತಡೆಯೋ ಕೆಲಸ ಎರಡನ್ನೂ ಅದರಾಗ ಹೆಸರು ಹಿಡಿದು ಬರೆದಾರ. ಕೆಲಸ ಪಂಚಾಯ್ತಿ ಯೋಜನೆಯಿಂದಲೇ ಬರಬೇಕು ಅಂತಲೂ ಐತಿ. ನಾವು ಬರೆಸದಿದ್ದರೆ ಮತ್ತೆ ಚರಂಡಿಯೇ ಬರ್ತೈತಿ.

ಬರೆಸೋದು ಹೆಂಗ ಅನ್ನೋದನ್ನು ಕೂಲಿ ಹೆಣ್ಣುಮಕ್ಕಳನ್ನು ನೋಡಿ ಕಲೀಬೇಕು. ಉದ್ಯೋಗ ಖಾತರಿಯಾಗ ಅವರು ಗುಂಪಾಗಿ ಹೋಗಿ ನಮೂನೆ 6ರ ಅರ್ಜಿ ಕೊಟ್ಟು, ತಾರೀಖು ಹಾಕಿದ ಸ್ವೀಕೃತಿ ಇಸಕೊಂಡೇ ಬಾಗಿಲು ಬಿಡ್ತಿದ್ದರು. ಬಾಯಿಮಾತು ಗಾಳಿಗೆ ಹೋಗ್ತೈತಿ, ಕಾಗದ ಉಳೀತೈತಿ. ಹೊಲ ಇದ್ದ ನಾವು ದೊಡ್ಡಸ್ತಿಕೆ ಬಿಟ್ಟು ಅವರ ಜೋಡಿ ಕೂಡಬೇಕು. ಒಡ್ಡು ನಮಗೆ, ಕೂಲಿ ಅವರಿಗೆ.

ಮುಂದಿನ ಗ್ರಾಮಸಭೆಗೆ ನಾಕು ಮಾತು ಬರಕೊಂಡು ಹೋಗೋಣ. ದಿನ್ನಿಯಿಂದ ಹಳ್ಳದ ತನಕ ಒಡ್ಡು ಮತ್ತು ಕೋಡಿ. ಕೆರೆ ಹೂಳು ಎತ್ತಿ ಹೊಲಕ್ಕೆ. ಬದುವಿನ ಮೇಲೆ ಬೇವು, ಹುಣಸಿ. ಪಂಚಾಯ್ತಿಯ ಮಳೆಮಾಪಕದ ಲೆಕ್ಕ ದಿನಾ ಬೋರ್ಡಿನ ಮೇಲೆ. ಬೆಳೆವಿಮೆಗೆ ಮುಖ್ಯ ಬೆಳೆಗಳ ಲೆಕ್ಕ ಪಂಚಾಯ್ತಿವಾರು ಆಗೋದರಿಂದ ಅದು ನಮ್ಮ ಕಣ್ಣಮುಂದೆ ಇರಬೇಕು.

ಠರಾವು ಪುಸ್ತಕದಾಗ ಬರೆದ ಮೇಲೆ ಓದಿಸಿ ಕೇಳ್ರಿ. ಆಮೇಲೆ ಸಹಿ ಹಾಕ್ರಿ. ಹಾಜರಿ ಪುಸ್ತಕ ಇನ್ನೊಮ್ಮೆ ಕಟ್ಟೆಗೆ ಬಂದರೆ ನಾನಂತೂ ಪೆನ್ನು ಮುಟ್ಟೋದಿಲ್ಲ.